ಅಂಗೈ ಅವರೆ ಹೂ ಬಿಟ್ಟಿದ್ದು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ಬೇಡ ಮಗಾ, ನಾನೂ ಹುಟ್ಟಿರಲಿಲ್ಲ, ಬೆಟ್ಟದ ಮೇಲಿನ ಹಟ್ಟಿಯಿಂದ ಕೆಂಪಾಜಿ ಅನ್ನೋ ಹುಡುಗೀನ ಕೆಳಗಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ರಂತೆ. ಆ ಮನೇಲಿ ಅತ್ತೆ ದ್ಯಾವಮ್ಮ, ಅವಳಿಗೆ ಮೂರು ಜನ ಗಂಡುಮಕ್ಕಳು, ಒಬ್ಬನ ಕೈಯೂ ಸುಮ್ಮನಿರೋದಲ್ಲ. ಹಿರಿಯವನೇ ಕೆಂಪಾಜಿ ಗಂಡ.

ಕೆಂಪಾಜಿ ಒಂದಿನ, ನಮ್ಮ ಬೆಟ್ಟದಲ್ಲಿ ಅಂಗೈ ಅವರೆ ಅಂತ ಗಿಡ ಐತೆ, ಎಲೆ ಬೆರಳು ಬಿಡಿಸಿದ ಅಂಗೈ ಥರ, ಬೆಳಗಾದ್ರೆ ಪ್ರತಿ ಅಂಗೈ ನಡುವೆ ಒಂದೊಂದು ಇಬ್ಬನಿ ಹನಿ, ಹೂವಂತೂ ನೀಲಿ ತೆನೆ, ಆದ್ರೆ ಕಾಳು ಕಹಿ, ತಿನ್ನೋ ಹಂಗಿಲ್ಲ ಅಂದ್ಲಂತೆ. ಸೊಸೆ ತವರು ಹೊಗಳಿದ್ರೆ ದ್ಯಾವಮ್ಮಂಗೆ ಮೈ ಉರಿಯೋದು. ತಿನ್ನೋಕೆ ಬರದಿದ್ದು ಎಂಥ ಅವರೆ, ಸುಳ್ಳಿ, ಅದು ನನ್ನ ಹಿತ್ತಲಲ್ಲಿ ಹೂ ಬಿಟ್ಟಾಗಲೇ ನೀನು ತವರಿಗೆ ಹೋಗೋದು ಅಂದುಬಿಟ್ಲಂತೆ. ಗೌರಿ ಹಬ್ಬಕ್ಕೆ ಅಣ್ಣ ಗಾಡಿ ಕಟ್ಕೊಂಡು ಬಂದ್ರೆ, ಬಾಗಿನ ಇಸ್ಕೊಂಡು ಖಾಲಿ ಗಾಡಿ ವಾಪಸ್ ಕಳಿಸಿದ್ಲಂತೆ. ಬೆಟ್ಟದ ಮೇಲೆ ತಾಯಿ ಪಾಪ ದಾರಿ ನೋಡ್ತಾ ಕೂತಿದ್ಲು.

ಗಂಡನಿಗೆ ಸಂಕಟ ಆಯ್ತು. ಆಮೇಲೆ ಅವನು ಬೆಟ್ಟ ಹತ್ತಿ, ಹೂ ಮುಗಿದು ಕಾಯಿ ಕಚ್ಚಿದ್ದ ದೊಡ್ಡ ಗಿಡಾನೇ ಹಿಡಿದು ಎಳೆದನಂತೆ. ಅದರ ತಾಯಿಬೇರು ಪಾತಾಳಕ್ಕೆ ಇಳಿದಿರುತ್ತೆ, ಅರ್ಧ ಅಲ್ಲೇ ಉಳೀತು. ತಂದು ನೆಟ್ಟು ಕೊಡಗಟ್ಟಲೆ ನೀರು ಸುರಿದ, ಸಂಜೆಗೆ ಗಿಡ ಬಾಡಿ ತಲೆ ಜೋಲು ಹಾಕ್ತು. ಕೆಂಪಾಜಿ ಅದರ ಒಣಕಾಯಿ ಬಿಡಿಸಿ ಕಾಳು ಎತ್ತಿಟ್ಟುಕೊಂಡ್ಲಂತೆ.

ಆಮೇಲೆ ನಡುವಿನವನು, ಬೆಟ್ಟಕ್ಯಾಕೆ ಹೋಗ್ಬೇಕು ಅತ್ತಿಗೆ, ನಮ್ಮ ಹೊಲದ ಬದುವಿನಲ್ಲೇ ಐತೆ ಅಂತ ಬುಟ್ಟಿ ತುಂಬ ಸಸಿ ತಂದು ಸಾಲಾಗಿ ನೆಟ್ಟನಂತೆ. ಎಲೇಲಿ ಹನಿ ನಿಲ್ಲುತ್ತಾ ನೋಡು ಮಾರಾಯ ಅಂತ ಕೆಂಪಾಜಿ ಅಂದ್ರೆ ಕೇಳ್ಬೇಕಲ್ಲ. ಅದೋ ಎಲೆಯಷ್ಟೇ ಹಂಗೆ ಕಾಣೋ ಗಿಜಿಗಿಜಿ ಗಿಡ. ಹಳದಿ ಹೂ ಬಿಡ್ತು, ಕಾಯಿ ಒಣಗಿ ಗಿಲಗಿಲ ಅಂತು, ಅತ್ತೆ ಊರಿಗೆಲ್ಲ ತೋರಿಸಿ ನಕ್ಕಳು, ಗಾಡಿ ಮತ್ತೆ ಖಾಲಿ ಹೋಯ್ತು.

ಆಮೇಲೆ ಕೆಂಪಾಜಿಗೆ ಸಾಕುಸಾಕಾಗಿ, ತಾನೇ ಕಾಳು ತೆಗೆದು, ಕಲ್ಲಿನ ಹಂಗೆ ಗಟ್ಟಿ ಅದು, ಸಿಪ್ಪೆ ತರಿಯೋ ತನಕ ಒರಳುಕಲ್ಲಿಗೆ ಉಜ್ಜಿ, ನೆನೆಹಾಕಿ, ಹಿತ್ತಲಲ್ಲಿ ಊರಿದ್ಲಂತೆ. ದಿನ ಹೋದ್ರೂ ಒಂದೂ ಮೇಲೆ ಬರಲಿಲ್ಲ. ಒಂದು ಬೆಳಗ್ಗೆ ನೋಡ್ತಾಳೆ, ಕಿರಿ ಮೈದುನ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕ್ತಾ ಇದಾನೆ, ಮೊಳಕೆ ಬಂತಾ ಅಂತ ನೋಡೋಕೆ. ದಿನಾ ಅದೇ ಕೆಲಸವಂತೆ. ಅವನ ಅಂಗೈಲಿ ಬಿಳೀ ಮೊಳಕೆ ಮುರಿದು ಬಿದ್ದಿತ್ತು.

"ಅದು ಬರ್ತಾ ಇತ್ತು ಕಣೋ! ನೀನು ನೋಡದೇ ಇದ್ದಿದ್ರೆ ಬರ್ತಾ ಇತ್ತು!"

ಅವಳು ಅಲ್ಲೇ ಕೂತು ಅತ್ತುಬಿಟ್ಲಂತೆ. ಬೇಲಿ ಮೂಲೇಲಿ ಊರಿದ್ದ ಒಂದೇ ಒಂದು ಕಾಳು ಆ ಮಹಾರಾಯನ ಕಣ್ಣಿಗೆ ಬಿದ್ದಿರಲಿಲ್ಲ. ಅದು ಮೊಳೀತು. ಕೆಂಪಾಜಿ ಯಾರಿಗೂ ಹೇಳದೆ ಅದರ ಸುತ್ತ ಮುಳ್ಳು ಹಾಕಿದ್ಲು. ಅಂಗೈ ಬಿಡಿಸ್ತು, ಹನಿ ಹಿಡೀತು, ಆದ್ರೆ ಆ ವರ್ಷ ಹೂವೇ ಬಿಡಲಿಲ್ಲ. ಬೇಸಿಗೇಲಿ ನೆಲಕ್ಕೆ ಒಣಗಿಹೋಯ್ತು. ದ್ಯಾವಮ್ಮ ತರಗು ಗುಡಿಸಿ ತಿಪ್ಪೆಗೆ ಹಾಕಿ, ಸತ್ತ ಗಿಡ ಹೂ ಬಿಡಲ್ಲ, ನಿನ್ನ ತವರಿನ ಆಸೆ ಬಿಡು ಅಂದ್ಲಂತೆ.

ಆಮೇಲೆ ಮಳೆ ಬಿತ್ತು. ಕೆಳಗೆ ಬೇರು ಬದುಕಿತ್ತು ಮಗಾ, ಅದೇ ಜಾಗದಲ್ಲಿ ಚಿಗುರು ಎದ್ದು, ಗೌರಿ ಹಬ್ಬದ ಹೊತ್ತಿಗೆ ನೀಲಿ ತೆನೆ ನಿಂತ್ಕೊಳ್ತು. ದ್ಯಾವಮ್ಮ ಬೆಳಗ್ಗೆ ಹಿತ್ತಲಿಗೆ ಹೋದವಳು ತುಂಬ ಹೊತ್ತು ಬರಲೇ ಇಲ್ಲ. ಆಮೇಲೆ ಒಳಗೆ ಬಂದು, ಸೊಸೆ ತಲೆಗೆ ಎಣ್ಣೆ ಹಚ್ಚಿ, ತಾನೇ ಜಡೆ ಹಾಕಿದ್ಲಂತೆ.

ಅಣ್ಣನ ಗಾಡಿ ಬಂತು. ಕೆಂಪಾಜಿ ಹತ್ತಿ ಕೂತ್ಲು. ನೀನು ಬರೋ ತನಕ ಗಿಡಕ್ಕೆ ಏನೇನು ಮಾಡ್ಬೇಕು ಅಂತ ಅತ್ತೆ ಕೇಳಿದ್ಲಂತೆ. ನೋಡಿದ್ರೆ ಮೂರು ಜನ ಮಕ್ಕಳೂ, ಒಬ್ಬ ನೀರಿನ ಕೊಡ, ಒಬ್ಬ ಗೊಬ್ಬರದ ಬುಟ್ಟಿ, ಇನ್ನೊಬ್ಬ ಗುದ್ದಲಿ ಹಿಡ್ಕೊಂಡು ತಯಾರಾಗಿ ನಿಂತವ್ರೆ.

"ಅತ್ತೆಮ್ಮ, ದಮ್ಮಯ್ಯ, ಯಾರೂ ಏನೂ ಮಾಡ್ಬೇಡಿ."

ಗಾಡಿ ಬೆಟ್ಟದ ಕಡೆ ಹೋಯ್ತಂತೆ. ದ್ಯಾವಮ್ಮ ಬೇಲಿ ಹತ್ರ ಚಾಪೆ ಹಾಕ್ಕೊಂಡು, ಕೋಲು ಹಿಡ್ಕೊಂಡು, ತನ್ನ ಮಕ್ಕಳಿಂದಲೇ ಗಿಡ ಕಾದ್ಲಂತೆ. ಆಮೇಲಿಂದ ಪ್ರತಿ ವರ್ಷ ಅದು ಮೊಗ್ಗು ಹಿಡಿದ ಕೂಡಲೇ, ಗಾಡಿ ಕಟ್ಟಪ್ಪ ಅಂತ ಅವಳೇ ಬೆಟ್ಟಕ್ಕೆ ಹೇಳಿ ಕಳಿಸೋಳಂತೆ.

ಕತೆ ಮುಗೀತು. ನಿಜವಾಗ್ಲೂ ಮುಗೀತಾ ಅಂತ ನೀನೂ ಕೆದಕಿ ನೋಡ್ಬೇಡ, ಕಣ್ಣು ಮುಚ್ಚು.