ಕ್ಯಾಂಟೀನ್ ಕುಕ್ಕರಿನ ವಿಚಾರಣೆ

ಅಪಘಾತವಾದ ಅಣುಸ್ಥಾವರವನ್ನು ಮುಚ್ಚಬೇಕೋ ಬೇಡವೋ ಎಂದು ದೊಡ್ಡವರು ಸಭೆ ಸೇರಿದ ದಿನವೇ ಅದರ ಕ್ಯಾಂಟೀನಿನ ಕುಕ್ಕರ್ ಸಿಡಿದು, ತೊಗರಿಬೇಳೆಯೆಲ್ಲ ಚಾವಣಿಗೆ ಅಂಟಿತು. ಪಾತ್ರೆಗಳೂ ಸಭೆ ಸೇರಿದವು.

"ಇದನ್ನು ಗುಜರಿಗೆ ಹಾಕಿ! ನಾನು ಎಂದಾದರೂ ಸಿಡಿದಿದ್ದೇನೆಯೇ?" ಎಂದು ಸೌದೆ ಒಲೆ ಗುಡುಗಿತು. ಸೌಟುಗಳು ಕುಣಿದು ಜೈಕಾರ ಹಾಕಿದವು.

ಮಸಿ ಹಿಡಿದ ಗೋಡೆ ನಕ್ಕಿತು. "ಅಡುಗೆಯ ಗಂಗಮ್ಮ ಹತ್ತು ವರ್ಷದಿಂದ ಕೆಮ್ಮುತ್ತಿರುವುದು ಯಾರ ಹೊಗೆಯಿಂದ, ಒಲೆಯಣ್ಣ? ನಿನ್ನ ಕೆಲಸಕ್ಕೆ ಸದ್ದಿಲ್ಲ, ಅಷ್ಟೇ. ಕುಕ್ಕರಣ್ಣ, ನೀನೂ ಸವೆದ ವಾಲ್ವಿಗೆ ಚಪಾತಿ ಹಿಟ್ಟು ಮೆತ್ತಿಕೊಂಡು ಉರಿಯ ಮೇಲೆ ಕೂತೆ. ಗುಜರಿ ಬೇಡ, ಹೊಸ ವಾಲ್ವ್ ಹಾಕಿಸಿಕೊಂಡು ಬಂದು ಇಲ್ಲೇ ಇರು."

ಸೌಟುಗಳು ಈಗ ಕುಕ್ಕರಿಗೆ ಜೈಕಾರ ಹಾಕಿದವು. "ಗೆದ್ದೆ!" ಎಂದು ಕುಕ್ಕರ್ ಗಿರಗಿರನೆ ತಿರುಗಿ, ಬೇಳೆ ತುಂಬಿಕೊಂಡು ಉರಿಯ ಮೇಲೆ ಹಾರಿ ಕೂತಿತು.

"ವಾಲ್ವ್ ಎಲ್ಲಿ?" ಎಂದಿತು ಗೋಡೆ.

"ನಾಳೆ ಹಾಕಿಸಿದರಾಯಿತು. ಇವತ್ತಿಗೆ ಹಿಟ್ಟಿದೆಯಲ್ಲ!"