ಮೂರೂವರೆ ನಿಮಿಷ

"ಮೇಷ್ಟ್ರೇ, ವೇಗ ಐದು ಅಂತ ಹಾಕಿದ್ದೇನೆ. ವೋಲ್ಟೇಜ್ ಎಷ್ಟು ಕೊಡಲಿ?" ಎಂದು ಭಾಗೀರಥಿ ಕೇಳಿದಳು.

ಅದು ಅವಳು ಕೈಯಾರೆ ಜೋಡಿಸಿದ ಮೊದಲ ಕಂಪ್ಯೂಟರ್. ತಯಾರಕರು ಆ ಪ್ರೊಸೆಸರ್‌ಗೆ ಗೊತ್ತುಮಾಡಿದ ವೇಗ ನಾಲ್ಕು ಗಿಗಾಹರ್ಟ್ಸ್. ಎರಡು ದಿನದಿಂದ ಏರಿಸುತ್ತ ಏರಿಸುತ್ತ ನಾಲ್ಕು ಪಾಯಿಂಟ್ ಏಳಕ್ಕೆ ತಂದಿದ್ದಳು. ಸಂಭ್ರಮದಲ್ಲಿ ಊಟವನ್ನೂ ಮರೆತಿದ್ದಳು. ಈಗ ಒಂದು ಕೀಲಿ ಒತ್ತುವುದಷ್ಟೇ ಬಾಕಿ.

ಅವಳಿಗೆ ಕಂಪ್ಯೂಟರ್ ಕೆಲಸ ಕಲಿಸುತ್ತಿದ್ದ ಈರಣ್ಣ ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. "ಸ್ವಲ್ಪ ತಾಳಮ್ಮ. ಒಂದು ಕತೆ ಕೇಳು, ಆಮೇಲೆ ಒತ್ತು" ಎಂದರು.

ಒಬ್ಬ ಮದುವೆ ವಿಡಿಯೋ ತೆಗೆಯುವವನಿದ್ದ. ಬೆಳಗಿನ ಧಾರೆಯನ್ನು ಚಿತ್ರಿಸಿ, ಸಂಜೆ ಆರತಕ್ಷತೆಯಲ್ಲೇ ದೊಡ್ಡ ಪರದೆಯ ಮೇಲೆ ತೋರಿಸುವುದು ಅವನ ಹೆಗ್ಗಳಿಕೆ. ಅದಕ್ಕೆ ವೇಗ ಬೇಕಿತ್ತು. ಅವನು ಕ್ರಮವಾಗಿಯೇ ಶುರುಮಾಡಿದ. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿದ. ಪ್ರತಿ ಸಲವೂ ಯಂತ್ರಕ್ಕೆ ಒಂದು ಗಂಟೆ ಮೈತುಂಬ ಕೆಲಸ ಕೊಟ್ಟು ಬಿಸಿ ಎಷ್ಟೆಂದು ನೋಡಿದ. ನಿಂತುಹೋದರೆ ವೋಲ್ಟೇಜನ್ನು ಚೂರೇ ಚೂರು ಹೆಚ್ಚಿಸಿದ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ನಾಲ್ಕು ಪಾಯಿಂಟ್ ಏಳು ತಲುಪಿದಾಗ ಬಿಸಿ ಎಪ್ಪತ್ತೈದು ಡಿಗ್ರಿ. ಭಲೇ! ಪುಕ್ಕಟೆ ಸಿಕ್ಕಿದ ವೇಗ! ಆ ದಿನ ಅವನು ಅಂಗಡಿಯಲ್ಲೇ ಕುಣಿದನಂತೆ. ನಾನಾಗಿದ್ದರೂ ಕುಣಿಯುತ್ತಿದ್ದೆ.

ಆದರೆ ಆ ಏಳು ಅವನ ಕಣ್ಣು ಚುಚ್ಚತೊಡಗಿತು. ಐದು ಎಂದು ಗೆಳೆಯರಿಗೆ ಹೇಳಿಕೊಂಡರೆ ಎಷ್ಟು ಚೆಂದ! ನೋಟ್‌ಬುಕ್ ಮುಚ್ಚಿಟ್ಟ. ಯಂತ್ರ ನಿಂತಾಗಲೆಲ್ಲ ಒಂದು ಮೆಟ್ಟಿಲು ಇಳಿಯುವ ಬದಲು ವೋಲ್ಟೇಜ್ ಸುರಿದ. ಬಿಸಿ ತೊಂಬತ್ತೈದು ದಾಟಿತು. ಕೊನೆಗೂ ಐದು ಬಂತು! ಗೆಳೆಯರು ಕಂಪ್ಯೂಟರಿನ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಹಾರ ಹಾಕಿ, ಪೇಡ ಹಂಚಿದರು.

ನಾಲ್ಕು ತಿಂಗಳು ಯಂತ್ರ ಓಡಿತು. ಅಷ್ಟರಲ್ಲಿ ಅವನ ತಂಗಿಯದೇ ಮದುವೆ ಬಂತು. ನಡೆಯಲಾಗದ ಅಜ್ಜಿ ಬೆಳಗಿನ ಧಾರೆಗೆ ಬಂದಿರಲಿಲ್ಲ. ಚಿತ್ರದಲ್ಲಾದರೂ ನೋಡಲಿ ಎಂದು ಸಂಜೆ ಅವಳನ್ನು ಕುರ್ಚಿ ಸಮೇತ ಹೊತ್ತು ತಂದು ಪರದೆಯ ಮುಂದೆ ಕೂರಿಸಿದರು. ಇತ್ತ, ಚಿತ್ರ ಸಿದ್ಧವಾಗುವ ಮೊದಲೇ ಯಂತ್ರ ನಿಂತಿತು. ಅವನು ವೇಗ ಇಳಿಸಿದ. ಮತ್ತೆ ನಿಂತಿತು. ತಯಾರಕರು ಕೊಟ್ಟ ನಾಲ್ಕಕ್ಕೇ ತಂದ. ಆಗಲೂ ನಿಂತಿತು. ತಿಂಗಳುಗಟ್ಟಲೆ ಕೊಟ್ಟ ವೋಲ್ಟೇಜ್ ಪ್ರೊಸೆಸರನ್ನು ಒಳಗಿನಿಂದಲೇ ಸವೆಸಿಬಿಟ್ಟಿತ್ತು.

ಮದುಮಗಳು ಸೀರೆಯ ನೆರಿಗೆ ಎತ್ತಿಕೊಂಡು ಓಡಿಬಂದಳು. "ಅಣ್ಣಾ, ಅಜ್ಜಿ ಕೇಳ್ತಾ ಇದೆ. ಯಾವಾಗ ಹಾಕ್ತೀಯಾ?"

"ಇವತ್ತು ಆಗಲ್ಲ ಕಣೇ" ಎಂದ. ತಲೆ ಎತ್ತಲಿಲ್ಲ.

ಅಜ್ಜಿ ಖಾಲಿ ಪರದೆಯನ್ನು ನೋಡಿಕೊಂಡು ಮನೆಗೆ ಹೋದಳು.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು. ಭಾಗೀರಥಿಯ ಬೆರಳು ಇನ್ನೂ ಕೀಲಿಯ ಮೇಲೇ ಇತ್ತು.

"ಹಾಗಾದರೆ ನಾಲ್ಕು ಪಾಯಿಂಟ್ ಏಳರಿಂದ ಐದಕ್ಕೆ ಹೋಗಿ ಅವನಿಗೆ ಉಳಿದ ಸಮಯ ಎಷ್ಟು?" ಎಂದು ಕೇಳಿದಳು.

"ಒಂದು ಗಂಟೆಯ ಕೆಲಸದಲ್ಲಿ ಮೂರೂವರೆ ನಿಮಿಷ."

"ಆ ಮೂರೂವರೆ ನಿಮಿಷದಲ್ಲಿ ಅವನು ಏನು ಮಾಡುತ್ತಿದ್ದ?"

ಮೇಷ್ಟ್ರು ಅವಳ ಪರದೆಯತ್ತ ನೋಡಿದರು.

"ಐದು ಎಂಬ ಅಂಕಿಯನ್ನೇ ನೋಡುತ್ತ ಕೂತಿರುತ್ತಿದ್ದ, ಈಗ ನೀನು ಕೂತಿದ್ದೀಯಲ್ಲ, ಹಾಗೆ."