ಡೀಸೆಲ್ ಕುಡಿಸಿದವರು ಯಾರು?

ಹೂವಿನ ವ್ಯಾಪಾರಿ ಪುಟ್ಟಮಾದಯ್ಯ ಬಂಕಿನಲ್ಲಿ ನಿಂತು ತನ್ನ ಪಿಕಪ್ ಗಾಡಿಗೆ ಒದ್ದ. "ದರಿದ್ರ ಕುಡುಕ ಗಾಡಿ! ಎಷ್ಟು ಡೀಸೆಲ್ ಹಾಕಿದರೂ ನಿನ್ನ ಹೊಟ್ಟೆ ತುಂಬಲ್ಲ. ಗುಜರಿಗೆ ಹಾಕ್ತೀನಿ ನೋಡು!"

ಗಾಡಿಗೆ ಸಿಟ್ಟು ನೆತ್ತಿಗೇರಿತು. "ಕುಡಿಸಿದವರು ನೀವು ಸ್ವಾಮಿ! ನನ್ನ ಚಕ್ರಗಳಲ್ಲಿ ಸರಿಯಾಗಿ ಗಾಳಿಯಿಲ್ಲ. ಮುರಿದ ಕಬ್ಬಿಣದ ಗೇಟೊಂದನ್ನು ವರ್ಷದಿಂದ ಸುಮ್ಮನೆ ಬೆನ್ನ ಮೇಲೆ ಹೊರಿಸಿದ್ದೀರಿ. ಆಕ್ಸಿಲರೇಟರನ್ನು ನೆಲಕ್ಕಂಟುವಂತೆ ತುಳಿಯುತ್ತೀರಿ, ಮರುಕ್ಷಣವೇ ಬ್ರೇಕು ಹಾಕುತ್ತೀರಿ. ಇಷ್ಟಾದ ಮೇಲೂ ತಪ್ಪು ನನ್ನದೇ?"

"ನನಗೇ ಎದುರು ಮಾತಾಡ್ತೀಯಾ?" ಎಂದವನೇ ಪುಟ್ಟಮಾದಯ್ಯ ಅದನ್ನು ಹಾಲು ಮಾರುವ ಸಾಕಮ್ಮನಿಗೆ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟ.

ಸಾಕಮ್ಮ ಗೇಟನ್ನು ಇಳಿಸಿದಳು, ಚಕ್ರಗಳಿಗೆ ಗಾಳಿ ತುಂಬಿಸಿದಳು, ಗಾಡಿಯನ್ನು ಹದವಾಗಿ ಓಡಿಸಿದಳು. ಅದೇ ಗಾಡಿ ಅದೇ ರಸ್ತೆಯಲ್ಲಿ ಮೊದಲಿಗಿಂತ ಎಷ್ಟೋ ಕಡಿಮೆ ಡೀಸೆಲ್ಲಿನಲ್ಲಿ ಊರೂರು ಸುತ್ತಿ ಬಂತು.

ಪುಟ್ಟಮಾದಯ್ಯ ಹೊಸ ಗಾಡಿ ಕೊಂಡ. ಆದರೆ ಓಡಿಸುವ ರೀತಿ ಬದಲಾಗಲಿಲ್ಲ. ತಿಂಗಳು ಕಳೆಯುವುದರೊಳಗೆ ಅದನ್ನೂ ಕುಡುಕನೆಂದು ಬೈದ.

ಹೊಸ ಗಾಡಿ ಕೆರಳಿ ಕೇಳಿತು: "ನಿಮ್ಮ ಕೈಗೆ ಬರುವಾಗ ನನಗೆ ಈ ಚಟ ಇರಲಿಲ್ಲ. ಕಲಿಸಿದವರು ಯಾರು?"

"ಗಾಡಿಗಳ ಜಾತಿಯೇ ಇಷ್ಟು!" ಎಂದು ಸಿಡುಕಿ, ಪುಟ್ಟಮಾದಯ್ಯ ಮೂರನೆಯ ಗಾಡಿ ನೋಡಲು ಹೊರಟ.